ಬೌದ್ಧ ಸಾಧನೆಯಲ್ಲಿ ಮನರಂಜನೆ ಮತ್ತು ಮಾಧ್ಯಮ

ಹಾಡು, ಕುಣಿತ, ನಾಟಕ, ಜಾತ್ರೆ, ಆಟ, ಕಥೆ, ಸುದ್ದಿ, ಸಿನಿಮಾ ಮತ್ತು ಈಚೆಗೆ ಮೊಬೈಲ್ ಪರದೆ: ಇವುಗಳಲ್ಲಿ ಯಾವುದನ್ನು ಹತ್ತಿರ ಸೇರಿಸಬಹುದು, ಯಾವುದನ್ನು ದೂರ ಇಡಬೇಕು ಎಂಬ ಬಗ್ಗೆ ಬೌದ್ಧ ಉಪಾಸಕರಿಗೂ ಭಿಕ್ಷು-ಭಿಕ್ಷುಣಿಯರಿಗೂ ಪರಂಪರೆ ರೂಪಿಸಿಕೊಟ್ಟ ನಿಯಮಗಳು, ವಿಚಾರಗಳು ಮತ್ತು ರೂಢಿಗಳು ಈ ಲೇಖನದ ವಿಷಯ. ಬುದ್ಧ ನಾಟಕ-ಸಂಗೀತಗಳನ್ನು ನಿಷೇಧಿಸಿದ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ಸರಿಯಲ್ಲ. ಪಂಚಶೀಲ ಹಿಡಿದ ಗೃಹಸ್ಥನಿಗೆ ಹಾಡು ಕೇಳಬಾರದು, ಆಟ ನೋಡಬಾರದು ಎಂಬ ವಿಧಿ ಇಲ್ಲ. ನಿಷೇಧವಿರುವುದು ಅದಕ್ಕಿಂತ ಮೇಲಿನ ಮೆಟ್ಟಿಲುಗಳಲ್ಲಿ. ಕೆಳಗಿನ ಮೆಟ್ಟಿಲಲ್ಲಿ ಇರುವುದು ಎಚ್ಚರಿಕೆ ಮತ್ತು ಒಂದು ಅಳತೆಗೋಲು. ನಿಷೇಧದ ಪಟ್ಟಿ ಎಲ್ಲರಿಗೂ ಗೊತ್ತಿದೆ, ಅಳತೆಗೋಲು ಅಷ್ಟಾಗಿ ಗೊತ್ತಿಲ್ಲ. ಇಂದಿನ ಸಾಧಕನಿಗೆ ಹೆಚ್ಚು ಕೆಲಸಕ್ಕೆ ಬರುವುದು ಮಾತ್ರ ಎರಡನೆಯದೇ.

ಶೀಲಗಳು ಮತ್ತು ವಿನಯ

ಗೃಹಸ್ಥರು ನಿತ್ಯ ಪಾಲಿಸುವ ಐದು ಶೀಲಗಳು ಕೊಲೆ, ಕಳವು, ಕಾಮದ ದುರಾಚಾರ, ಸುಳ್ಳು ಮತ್ತು ಮದ್ಯಕ್ಕೆ ಸಂಬಂಧಿಸಿದವು. ಹುಣ್ಣಿಮೆ, ಅಮಾವಾಸ್ಯೆ ಮೊದಲಾದ ಉಪೋಸಥ ದಿನಗಳಲ್ಲಿ ಉಪಾಸಕರು ಬಿಳಿ ಬಟ್ಟೆಯುಟ್ಟು ಎಂಟು ಶೀಲಗಳನ್ನು ತೆಗೆದುಕೊಳ್ಳುತ್ತಾರೆ. ಅವುಗಳಲ್ಲಿ ಏಳನೆಯದು ನೃತ್ಯ, ಗೀತ, ವಾದ್ಯ ಮತ್ತು ಪ್ರದರ್ಶನಗಳನ್ನು ನೋಡುವುದರಿಂದಲೂ ಹೂಮಾಲೆ, ಸುಗಂಧ, ಅಲಂಕಾರಗಳಿಂದಲೂ ದೂರವಿರುವುದು. ಹೊಸದಾಗಿ ಸಂಘ ಸೇರಿದ ಶ್ರಾಮಣೇರರ ಹತ್ತು ಶೀಲಗಳಲ್ಲಿ ಇದೇ ನಿಯಮ ಎರಡಾಗಿ ಒಡೆದು, ಪ್ರದರ್ಶನಗಳದು ಏಳನೆಯದಾಗಿ, ಅಲಂಕಾರದ್ದು ಎಂಟನೆಯದಾಗಿ ನಿಲ್ಲುತ್ತದೆ. ಉಪೋಸಥದ ಆಶಯವನ್ನು ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯ ಸ್ಪಷ್ಟವಾಗಿ ಹೇಳುತ್ತದೆ: ಮುಕ್ತಿ ಪಡೆದ ಅರಹಂತರು ಬದುಕಿಡೀ ಹೇಗಿರುತ್ತಾರೋ ಹಾಗೆ ಒಂದು ಹಗಲು ಒಂದು ರಾತ್ರಿ ಇದ್ದು ನೋಡುವುದು. ಮನರಂಜನೆ ಪಾಪವೆಂಬ ತೀರ್ಪು ಇಲ್ಲಿಲ್ಲ. ಅದಿಲ್ಲದೆ ಒಂದು ದಿನ ಹೇಗಿರುತ್ತದೆ ಎಂದು ಪರೀಕ್ಷಿಸುವ ಅವಕಾಶವಿದೆ. ಶ್ರೀಲಂಕಾದಲ್ಲಿ ಪೋಯ ಎಂದು ಕರೆಯುವ ಹುಣ್ಣಿಮೆಯ ದಿನ ಸಾರ್ವಜನಿಕ ರಜೆ. ಆ ದಿನ ವಿಹಾರಗಳಲ್ಲಿ ಎಂಟು ಶೀಲ ಹಿಡಿದು ಕುಳಿತವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಮರುದಿನ ಅವರು ಮನೆಗೆ ಹೋಗಿ ಧಾರಾವಾಹಿ ನೋಡಿದರೆ ಶೀಲಭಂಗವೇನೂ ಆಗುವುದಿಲ್ಲ.

ಭಿಕ್ಷುಗಳು ತೊರೆಯಬೇಕಾದ ವಿನೋದಗಳ ಉದ್ದ ಪಟ್ಟಿ ದೀಘನಿಕಾಯದ ಮೊದಲ ಸುತ್ತವಾದ ಬ್ರಹ್ಮಜಾಲದಲ್ಲಿದೆ. ಕುಣಿತ, ಹಾಡು, ವಾದ್ಯ, ಕಥೆ ಹೇಳುವುದು, ತಾಳ ಹಾಕುವುದು, ಆನೆ-ಕುದುರೆ-ಕೋಣ-ಟಗರು-ಹುಂಜಗಳ ಕಾಳಗ, ದೊಣ್ಣೆವರಸೆ, ಮುಷ್ಟಿಯುದ್ಧ, ಕುಸ್ತಿ, ಸೈನ್ಯದ ಕವಾಯತು ಎಲ್ಲವೂ ಇವೆ. ಅದರ ಬೆನ್ನಿಗೇ ಆಟಗಳು: ಎಂಟು ಮನೆಯ ಮತ್ತು ಹತ್ತು ಮನೆಯ ಹಾಸಿನ ಆಟ, ಹಾಸೇ ಇಲ್ಲದೆ ಮನಸ್ಸಿನಲ್ಲೇ ಅದನ್ನು ಕಲ್ಪಿಸಿಕೊಂಡು ಆಡುವ ಆಟ, ದಾಳ, ಕುಂಟಾಟ, ಎಲೆಯ ಪೀಪಿ, ಆಟಿಕೆಯ ನೇಗಿಲು, ಲಾಗ ಹಾಕುವುದು, ಗಾಳಿಗಿರಗಟ್ಟೆ, ಪುಟ್ಟ ರಥ, ಪುಟ್ಟ ಬಿಲ್ಲು, ಬೆನ್ನ ಮೇಲೆ ಬರೆದ ಅಕ್ಷರ ಊಹಿಸುವುದು. ಉದ್ದ ಕೋಲಿನಿಂದ ಗಿಡ್ಡ ಕೋಲನ್ನು ಹೊಡೆಯುವ ಆಟವೆಂದು ಪಾಲಿ ವ್ಯಾಖ್ಯಾನವಾದ ಅಟ್ಠಕಥೆ ವಿವರಿಸುವ ‘ಘಟಿಕ’ ನಮ್ಮ ಚಿನ್ನಿದಾಂಡೇ. ಪ್ರಾಚೀನ ಭಾರತದ ಆಟಪಾಟಗಳನ್ನು ಹುಡುಕುವ ಇತಿಹಾಸಕಾರರಿಗೆ ಇದಕ್ಕಿಂತ ಒಳ್ಳೆಯ ಆಕರ ಸಿಗುವುದು ಕಷ್ಟ. ನಿಷೇಧಿಸುವವರು ಇಷ್ಟು ಆಸ್ಥೆಯಿಂದ ಪಟ್ಟಿ ಮಾಡಿದ್ದಾರೆಂದರೆ ಸಂಘ ಸೇರಿದ ಹುಡುಗರು ಇವನ್ನೆಲ್ಲ ಆಡುತ್ತಿದ್ದರೆಂದೇ ಅರ್ಥ.

ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಈ ನಿಯಮಕ್ಕೊಂದು ಹಿನ್ನೆಲೆಯ ಘಟನೆಯೂ ಇದೆ. ರಾಜಗೃಹದ ಬೆಟ್ಟದ ಮೇಲೆ ವರ್ಷಕ್ಕೊಮ್ಮೆ ‘ಗಿರಗ್ಗಸಮಜ್ಜ’ ಎಂಬ ದೊಡ್ಡ ಜಾತ್ರೆ ನಡೆಯುತ್ತಿತ್ತು. ‘ಷಡ್ವರ್ಗೀಯ’ರೆಂದು ಹೆಸರಾದ ಆರು ತುಂಟ ಭಿಕ್ಷುಗಳು ಅದನ್ನು ನೋಡಲು ಹೋದರು. ಸುಖದಲ್ಲಿ ಮುಳುಗಿದ ಗೃಹಸ್ಥರ ಹಾಗೆ ಈ ಶ್ರಮಣರೂ ಬಂದಿದ್ದಾರಲ್ಲ ಎಂದು ಜನ ಆಡಿಕೊಂಡರು. ವಿಷಯ ಬುದ್ಧನ ಕಿವಿಗೆ ಬಿದ್ದು, ನೃತ್ಯ-ಗೀತ-ವಾದ್ಯ ನೋಡಲು ಹೋಗುವುದು ದುಕ್ಕಟ ಎಂಬ ಸಣ್ಣ ಅಪರಾಧವಾಯಿತು. ಭಿಕ್ಷುಣಿಯರಿಗೆ ಅದು ಪಾಚಿತ್ತಿಯ, ಅಂದರೆ ಅದಕ್ಕಿಂತ ಹೆಚ್ಚಿನ ತಪ್ಪು. ತಪ್ಪಲ್ಲದ ಸಂದರ್ಭಗಳನ್ನೂ ಭಿಕ್ಷುಣಿಯರ ನಿಯಮದ ವಿವರಣೆ ಕೊಡುತ್ತದೆ: ವಿಹಾರದಲ್ಲಿ ನಿಂತಲ್ಲಿಂದಲೇ ಕಂಡರೆ ಅಥವಾ ಕೇಳಿಸಿದರೆ, ತಾನು ಕುಳಿತಲ್ಲಿಗೇ ಕುಣಿಯುವವರು ಬಂದರೆ, ಬೇರೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಎದುರಾದರೆ ದೋಷವಿಲ್ಲ. ದೋಷವಿರುವುದು ನೋಡಬೇಕೆಂದೇ ಹೊರಟು ಹೋಗುವುದರಲ್ಲಿ. ಇಡೀ ನಿಯಮ ಹೆಜ್ಜೆಯ ಮೇಲೆ ನಿಂತಿದೆ. ಜಾತ್ರೆ ಬೆಟ್ಟದ ಮೇಲಿದ್ದ ಕಾಲಕ್ಕೆ ಈ ಗೆರೆ ಸಾಕಿತ್ತು. ಜಾತ್ರೆಯೇ ಅಂಗೈಗೆ ಬಂದ ಕಾಲಕ್ಕೆ ಅದು ಸಾಲದು. ಇಂದು ಯಾರೂ ಎಲ್ಲಿಗೂ ಹೋಗುವುದಿಲ್ಲ, ಆದರೂ ಎಲ್ಲರೂ ನೋಡುತ್ತಾರೆ. ಅಕ್ಷರಶಃ ಓದಿದರೆ ಮಲಗಿದಲ್ಲೇ ಪರದೆ ಸವರುವವರು ಯಾವ ತಪ್ಪನ್ನೂ ಮಾಡಿದಂತಾಗುವುದಿಲ್ಲ. ಹೀಗೆ ಓದಿ ಸಮಾಧಾನಪಟ್ಟುಕೊಂಡ ಗಂಭೀರ ಆಚಾರ್ಯರು ಯಾವ ಪರಂಪರೆಯಲ್ಲೂ ಇದ್ದಂತಿಲ್ಲ.

ಧರ್ಮವನ್ನೇ ರಾಗವಾಗಿ ಎಳೆದು ಹಾಡುವುದಕ್ಕೂ ವಿನಯದಲ್ಲಿ ತಡೆಯಿದೆ. ಹಾಡುವವನು ತನ್ನ ದನಿಗೆ ತಾನೇ ಮರುಳಾಗುತ್ತಾನೆ, ಕೇಳುವವರೂ ಮರುಳಾಗುತ್ತಾರೆ, ಇವರೂ ನಮ್ಮಂತೆಯೇ ಹಾಡುತ್ತಾರೆಂದು ಗೃಹಸ್ಥರು ಟೀಕಿಸುತ್ತಾರೆ, ಸಮಾಧಿ ಕೆಡುತ್ತದೆ, ಮುಂದಿನವರು ಅದನ್ನೇ ಅನುಕರಿಸುತ್ತಾರೆ ಎಂದು ಐದು ದೋಷಗಳನ್ನು ಹೇಳಿದೆ. ಸರಳ ಸ್ವರದ ಪಠಣಕ್ಕೆ ಮಾತ್ರ ಅನುಮತಿಯುಂಟು.

ನಟ, ಪ್ರೇಕ್ಷಕ, ಗಂಧರ್ವ

ಮನರಂಜನೆಯ ವಿರುದ್ಧ ಪಾಲಿ ಸಾಹಿತ್ಯದ ಅತ್ಯಂತ ಕಟುವಾದ ಮಾತು ಸಂಯುತ್ತ ನಿಕಾಯದ ತಾಲಪುಟ ಸುತ್ತದಲ್ಲಿದೆ. ತಾಲಪುಟ ಒಂದು ನಾಟಕ ಮಂಡಳಿಯ ಯಜಮಾನ. ಸತ್ಯ-ಸುಳ್ಳು ಬೆರೆಸಿ ಜನರನ್ನು ನಗಿಸುವ ನಟ ಸತ್ತ ಮೇಲೆ ನಗುವ ದೇವತೆಗಳ ನಡುವೆ ಹುಟ್ಟುತ್ತಾನೆಂದು ತನ್ನ ಗುರುಗಳು ಹೇಳಿದ್ದಾರೆ, ಇದು ನಿಜವೇ ಎಂದು ಅವನು ಕೇಳುತ್ತಾನೆ. ಅದನ್ನು ಕೇಳಬೇಡ ಎಂದು ಬುದ್ಧ ಮತ್ತೆ ಮತ್ತೆ ತಡೆಯುತ್ತಾನೆ. ಪಟ್ಟು ಬಿಡದಿದ್ದಾಗ ಉತ್ತರ ಬರುತ್ತದೆ: ಪ್ರೇಕ್ಷಕರಲ್ಲಿ ಮೊದಲೇ ರಾಗ, ದ್ವೇಷ, ಮೋಹಗಳಿವೆ. ನಟ ರಂಗದ ಮೇಲೆ ಅವುಗಳಿಗೇ ಇನ್ನಷ್ಟು ಮೇವು ಹಾಕುತ್ತಾನೆ. ತಾನೂ ಅಮಲೇರಿ ಇತರರನ್ನೂ ಅಮಲೇರಿಸುವವನಿಗೆ ಸಿಗುವುದು ‘ಪಹಾಸ’ ಎಂಬ ನರಕ. ತಾಲಪುಟ ಅಳತೊಡಗುತ್ತಾನೆ. ಬುದ್ಧನ ಮಾತಿಗಾಗಿ ಅಳುತ್ತಿಲ್ಲ, ಹಳೆಯ ನಟರು ಇಷ್ಟು ಕಾಲ ತನ್ನನ್ನು ಮೋಸಗೊಳಿಸಿದರಲ್ಲ ಎಂದು ಅಳುತ್ತಿದ್ದೇನೆ ಎನ್ನುತ್ತಾನೆ. ಕೊನೆಗೆ ಅವನು ಭಿಕ್ಷುವಾಗಿ ಅರಹಂತನಾದ. ಹಿರಿಯ ಭಿಕ್ಷುಗಳ ಪದ್ಯಸಂಗ್ರಹವಾದ ಥೇರಗಾಥೆಯಲ್ಲಿ ಅವನ ಹೆಸರಿನಲ್ಲಿರುವ ದೀರ್ಘ ಕಾವ್ಯ ತನ್ನದೇ ಮನಸ್ಸನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡುತ್ತದೆ. ರಂಗಭೂಮಿ ಬಿಟ್ಟವನಿಗೆ ಸ್ವಗತದ ಕಲೆ ಬಿಟ್ಟುಹೋಗಲಿಲ್ಲ.

ಗೃಹಸ್ಥನಿಗೆ ಹೇಳಿದ ಮಾತಿನ ದನಿ ಬೇರೆ. ಸಿಗಾಲೋವಾದ ಸುತ್ತದಲ್ಲಿ ಆಸ್ತಿ ಕರಗಿಸುವ ಆರು ದಾರಿಗಳಲ್ಲಿ ಜಾತ್ರೆ-ಮೇಳಗಳ ಗೀಳೂ ಒಂದು. ಕುಡಿತ, ಹೊತ್ತಲ್ಲದ ಹೊತ್ತಿನ ಬೀದಿ ತಿರುಗಾಟ, ಜೂಜು, ಕೆಟ್ಟ ಸಹವಾಸ ಮತ್ತು ಸೋಮಾರಿತನ ಉಳಿದವು. ಇಲ್ಲಿ ನರಕದ ಪ್ರಸ್ತಾಪವಿಲ್ಲ. ಎಲ್ಲಿ ಕುಣಿತ, ಎಲ್ಲಿ ಹಾಡು, ಎಲ್ಲಿ ಕಥೆ ಎಂದು ಮನಸ್ಸು ಸದಾ ಹುಡುಕುತ್ತಿರುವುದೇ ದೋಷವೆಂದು ವಿವರಿಸಿದೆ. ಒಂದು ಪ್ರದರ್ಶನ ಮುಗಿಯುವ ಮೊದಲೇ ಮುಂದಿನದು ಎಲ್ಲಿ ಎಂದು ತಡಕುವ ಈ ಚಡಪಡಿಕೆಯನ್ನು ಇಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಗಿರಗ್ಗಸಮಜ್ಜ ಬೌದ್ಧ ಇತಿಹಾಸದಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಉಪತಿಸ್ಸ ಮತ್ತು ಕೋಲಿತ ಎಂಬ ಇಬ್ಬರು ಶ್ರೀಮಂತ ಗೆಳೆಯರು ಜಾತ್ರೆ ನೋಡಲು ಹೋಗಿ, ನಗುವ ಕಡೆ ನಕ್ಕು, ಮೆಚ್ಚುವ ಕಡೆ ಮೆಚ್ಚಿ, ಒಂದು ದಿನ ಇದ್ದಕ್ಕಿದ್ದಂತೆ ಇಲ್ಲಿ ಕುಣಿಯುವವರೂ ನೋಡುವವರೂ ನೂರು ವರ್ಷದೊಳಗೆ ಇರುವುದಿಲ್ಲವಲ್ಲ ಎಂದು ವಿರಕ್ತರಾದರೆಂದು ಅಟ್ಠಕಥೆಗಳು ಹೇಳುತ್ತವೆ. ಮನೆ ಬಿಟ್ಟ ಆ ಇಬ್ಬರೇ ಮುಂದೆ ಸಾರಿಪುತ್ತ ಮತ್ತು ಮೊಗ್ಗಲ್ಲಾನರು, ಬುದ್ಧನ ಅಗ್ರಶಿಷ್ಯರು. ಆರು ಭಿಕ್ಷುಗಳನ್ನು ಕೆಡಿಸಿದ ಜಾತ್ರೆಯೇ ಇವರಿಗೆ ವೈರಾಗ್ಯದ ಬಾಗಿಲಾಯಿತು. ಆದ್ದರಿಂದ ಪ್ರಶ್ನೆಯ ಗುರಿ ಪ್ರದರ್ಶನವಲ್ಲ, ನೋಡುವವನು.

ಯಾವುದು ಬೇಕು, ಯಾವುದು ಬೇಡ ಎಂಬ ಪ್ರಶ್ನೆಗೆ ಪಿಟಕ ಕೊಡುವ ನೇರ ಉತ್ತರ ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿದೆ. ಅದು ಶುರುವಾಗುವುದೇ ಸಂಗೀತದಿಂದ. ರಾಜಗೃಹದ ಸಮೀಪದ ಇಂದಸಾಲ ಗುಹೆಯಲ್ಲಿ ಬುದ್ಧ ಧ್ಯಾನಸ್ಥನಾಗಿದ್ದಾನೆ. ಅವನನ್ನು ಕಾಣಲು ಬಂದ ದೇವೇಂದ್ರನಿಗೆ ನೇರವಾಗಿ ಒಳಗೆ ಹೋಗಲು ಸಂಕೋಚ. ಪಂಚಶಿಖನೆಂಬ ಗಂಧರ್ವನನ್ನು ಮುಂದೆ ಕಳಿಸುತ್ತಾನೆ. ಅವನು ಬಿಲ್ವದ ವೀಣೆ ನುಡಿಸುತ್ತ ಹಾಡುವುದು ಒಂದು ಅಪ್ಪಟ ಪ್ರೇಮಗೀತೆ, ಸೂರ್ಯವರ್ಚಸೆ ಎಂಬ ಗಂಧರ್ವ ಕನ್ಯೆಯನ್ನು ನೆನೆದು ಕಟ್ಟಿದ್ದು. ಅರಹಂತರಿಗೆ ಧರ್ಮ ಹೇಗೋ ತನಗೆ ಅವಳು ಹಾಗೆ ಎನ್ನುವಷ್ಟು ಧೈರ್ಯದ ಹಾಡು. ಬುದ್ಧ ಸಿಟ್ಟಾಗುವುದಿಲ್ಲ. ತಂತಿಯ ದನಿ ಹಾಡಿನ ದನಿಯನ್ನು ಮೀರದೆ, ಹಾಡು ತಂತಿಯನ್ನು ಮೀರದೆ ಎರಡೂ ಹೊಂದಿಕೊಂಡಿವೆ ಎಂದು ಮೆಚ್ಚಿ, ಇದನ್ನು ಯಾವಾಗ ಕಟ್ಟಿದೆ ಎಂದು ವಿಚಾರಿಸುತ್ತಾನೆ. ಒಳ್ಳೆಯ ಕೇಳುಗ ಕೇಳುವ ಪ್ರಶ್ನೆಯಿದು. ಆಮೇಲೆ ದೇವೇಂದ್ರ ಕೇಳುವ ಪ್ರಶ್ನೆಗಳ ನಡುವೆ ಸಂತೋಷದ ವಿಚಾರ ಬರುತ್ತದೆ. ಸಂತೋಷದಲ್ಲಿ ಎರಡು ಬಗೆ, ಸೇವಿಸತಕ್ಕದ್ದು ಮತ್ತು ಸೇವಿಸಬಾರದ್ದು ಎಂದು ಬುದ್ಧ ವಿಂಗಡಿಸುತ್ತಾನೆ. ಯಾವುದನ್ನು ಹಿಡಿದು ನಡೆದರೆ ಅಕುಶಲ ಗುಣಗಳು ಬೆಳೆದು ಕುಶಲ ಗುಣಗಳು ಕುಗ್ಗುತ್ತವೋ ಅದು ಬೇಡ. ಯಾವುದರಿಂದ ಅಕುಶಲ ಕುಗ್ಗಿ ಕುಶಲ ಬೆಳೆಯುತ್ತದೋ ಅದು ಬೇಕು. ಕಣ್ಣು ನೋಡುವ ರೂಪಕ್ಕೂ ಕಿವಿ ಕೇಳುವ ಶಬ್ದಕ್ಕೂ ಅದೇ ಅಳತೆ ಅನ್ವಯವಾಗುತ್ತದೆ. ಮಜ್ಝಿಮ ನಿಕಾಯದ 114ನೆಯ ಸುತ್ತದಲ್ಲಿ ಸಾರಿಪುತ್ತ ಇದೇ ವಿಂಗಡಣೆಯನ್ನು ವಿಸ್ತರಿಸುತ್ತಾನೆ.

ಈ ಅಳತೆಗೋಲಿನ ಮುಂದೆ ಪಟ್ಟಿಗಳು ಎರಡನೆಯ ಸ್ಥಾನಕ್ಕೆ ಸರಿಯುತ್ತವೆ. ಒಂದೇ ಚಿತ್ರ ಒಬ್ಬರಲ್ಲಿ ಕರುಣೆಯನ್ನೂ ಇನ್ನೊಬ್ಬರಲ್ಲಿ ಕ್ರೌರ್ಯದ ರುಚಿಯನ್ನೂ ಬೆಳೆಸಬಹುದು. ತನ್ನ ಮೇಲೆ ಏನು ಪರಿಣಾಮವಾಯಿತೆಂಬುದನ್ನು ಸಾಧಕ ನೋಡಿ ಮುಗಿಸಿದ ಮೇಲೆ ತಾನೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಇದು ನಿಷೇಧಕ್ಕಿಂತ ಸುಲಭವಲ್ಲ, ಕಷ್ಟವೇ ಹೆಚ್ಚು.

ಅಟ್ಠಕಥೆಗಳ ತರ್ಕ

ಐದನೆಯ ಶತಮಾನದ ಬುದ್ಧಘೋಷ ಮೊದಲಾದ ವ್ಯಾಖ್ಯಾನಕಾರರು ಪ್ರತಿಯೊಂದು ದುಷ್ಕರ್ಮವನ್ನೂ ಅಂಗಗಳಾಗಿ ಬಿಡಿಸಿದರು. ಕೊಲೆ ಪೂರ್ಣವಾಗಲು ಐದು ಅಂಗ ಬೇಕು: ಜೀವಿ, ಅದು ಜೀವಿಯೆಂಬ ಅರಿವು, ಕೊಲ್ಲುವ ಇಚ್ಛೆ, ಪ್ರಯತ್ನ, ಸಾವು. ಸುಳ್ಳಿಗೆ ನಾಲ್ಕು: ನಿಜವಲ್ಲದ ವಿಷಯ, ಮೋಸಗೊಳಿಸುವ ಇಚ್ಛೆ, ಪ್ರಯತ್ನ, ಎದುರಿನವನು ಅದನ್ನು ತಿಳಿದುಕೊಳ್ಳುವುದು. ಈ ಲೆಕ್ಕದ ಪ್ರಕಾರ ವಿಡಿಯೋ ಗೇಮ್‌ನಲ್ಲಿ ಶತ್ರುವನ್ನು ಹೊಡೆದುರುಳಿಸಿದರೆ ಮೊದಲ ಶೀಲ ಮುರಿಯುವುದಿಲ್ಲ, ಏಕೆಂದರೆ ಅಲ್ಲಿ ಜೀವಿಯಿಲ್ಲ. ಕಾದಂಬರಿಕಾರ ಸುಳ್ಳುಗಾರನಲ್ಲ, ಏಕೆಂದರೆ ಮೋಸದ ಉದ್ದೇಶವಿಲ್ಲ. ಇಂದು ಬೌದ್ಧ ಗುರುಗಳನ್ನು ತರುಣರು ಮತ್ತೆ ಮತ್ತೆ ಕೇಳುವ ಎರಡು ಪ್ರಶ್ನೆಗಳಿಗೆ ಒಂದೂವರೆ ಸಾವಿರ ವರ್ಷದ ಹಿಂದೆಯೇ ಉತ್ತರ ಸಿದ್ಧವಾಗಿತ್ತು. ಆದರೆ ಶೀಲ ಮುರಿಯದಿದ್ದ ಮಾತ್ರಕ್ಕೆ ಮನಸ್ಸು ಕೆಡಲಿಲ್ಲ ಎನ್ನುವಂತಿಲ್ಲ. ಗುಂಡು ಹಾರಿಸುವಾಗಿನ ದ್ವೇಷ ಪರದೆಯ ಮೇಲಿನದಾದರೂ ಅದು ಹುಟ್ಟುವ ಚಿತ್ತ ನಿಜವಾದದ್ದೇ.

ನಾಲ್ಕನೆಯ ವಾಗ್ದೋಷವಾದ ಹರಟೆಗೆ ಅಟ್ಠಕಥೆ ಕೊಡುವ ಉದಾಹರಣೆ ಕನ್ನಡ ಓದುಗರನ್ನು ಬೆಚ್ಚಿಬೀಳಿಸಬಹುದು: ಭಾರತ ಯುದ್ಧ ಮತ್ತು ಸೀತಾಪಹರಣದಂಥ ಕಥೆಗಳು! ಪಂಪನಿಂದ ಕುಮಾರವ್ಯಾಸನವರೆಗೆ, ತಾಳಮದ್ದಳೆಯಿಂದ ಯಕ್ಷಗಾನದವರೆಗೆ ನಾವು ಉಸಿರಾಡಿದ್ದೆಲ್ಲ ಬುದ್ಧಘೋಷನ ಲೆಕ್ಕದಲ್ಲಿ ನಿರರ್ಥಕ ಕಥೆ. ಅವನ ಪರಂಪರೆಯೇ ದಶರಥ ಜಾತಕದಲ್ಲಿ ರಾಮ-ಸೀತೆಯರ ಕಥೆಯನ್ನು ತನ್ನದೇ ರೀತಿಯಲ್ಲಿ ಹೇಳಿಕೊಂಡಿತ್ತು, ಘಟ ಜಾತಕದಲ್ಲಿ ಕೃಷ್ಣನನ್ನು ಕರೆತಂದಿತ್ತು ಎಂಬುದನ್ನು ನೆನೆದರೆ ಈ ಗಾಂಭೀರ್ಯದ ಬಿಸಿ ಸ್ವಲ್ಪ ಆರುತ್ತದೆ.

ಕಲೆಯನ್ನು ಕೈಗೆತ್ತಿಕೊಂಡ ಬೌದ್ಧರು

ಅಶೋಕ ತನ್ನ ಮೊದಲ ಬಂಡೆಶಾಸನದಲ್ಲಿ ‘ಸಮಾಜ’ಗಳನ್ನು, ಅಂದರೆ ಜಾತ್ರೆಯಂಥ ಕೂಟಗಳನ್ನು, ನಡೆಸಬಾರದೆಂದ. ಅವುಗಳಲ್ಲಿ ಬಹಳ ದೋಷ ಕಾಣುತ್ತದೆ ಎಂದ ಕೂಡಲೇ ಕೆಲವು ಸಮಾಜಗಳು ಒಳ್ಳೆಯವೂ ಹೌದು ಎಂದು ಸೇರಿಸಿದ. ನಾಲ್ಕನೆಯ ಶಾಸನದಲ್ಲಿ ತಾನು ಜನರಿಗೆ ವಿಮಾನ, ಆನೆ, ಅಗ್ನಿರಾಶಿ ಮತ್ತು ದಿವ್ಯರೂಪಗಳ ದೃಶ್ಯ ತೋರಿಸಿ ಧರ್ಮ ಹೆಚ್ಚಿಸಿದ್ದಾಗಿ ಹೇಳಿಕೊಳ್ಳುತ್ತಾನೆ. ಒಂದು ಬಗೆಯ ಪ್ರದರ್ಶನ ನಿಲ್ಲಿಸಿ ಇನ್ನೊಂದು ಬಗೆಯದನ್ನು ಶುರುಮಾಡಿದ ಮೊದಲ ದೊರೆ ಇವನಿರಬೇಕು. ಈ ಎರಡೂ ಶಾಸನಗಳು ಕರ್ನಾಟಕದ ಗಡಿಗೆ ಹತ್ತಿರದ ಎರ್ರಗುಡಿಯಲ್ಲಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತವು ಬೇರೆ ಶಾಸನಗಳು. ಆದರೆ ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪ ಈ ಚರ್ಚೆಗೆ ನೇರವಾಗಿ ಸಲ್ಲುತ್ತದೆ. ಅದರ ಸುತ್ತಲಿನ ಸುಣ್ಣಕಲ್ಲಿನ ಫಲಕಗಳಲ್ಲಿ ಜಾತಕ ಕಥೆಗಳೂ ಬುದ್ಧನ ಬದುಕೂ, ಹೆಸರು ಕೆತ್ತಿದ ಅಶೋಕನೂ ಇದ್ದಾರೆ. ಪ್ರದಕ್ಷಿಣೆ ಬರುವ ಭಕ್ತನ ಕಣ್ಣಿಗೆ ಅವು ಒಂದರ ನಂತರ ಒಂದು ಬಿಚ್ಚಿಕೊಳ್ಳುವ ದೃಶ್ಯಕಥನ.

ಬೌದ್ಧ ಕವಿ ಅಶ್ವಘೋಷ ತನ್ನ ಸೌಂದರನಂದದ ಕೊನೆಯಲ್ಲಿ ತನ್ನ ಕಾವ್ಯ ರತಿಗಾಗಿ ಅಲ್ಲ, ಶಾಂತಿಗಾಗಿ ಎಂದು ಹೇಳಿಕೊಂಡು, ಕಹಿ ಮದ್ದನ್ನು ಜೇನಿನಲ್ಲಿ ಬೆರೆಸಿದಂತೆ ಕಾವ್ಯಧರ್ಮವನ್ನು ಬಳಸಿದ್ದೇನೆ ಎಂದು ಸಮರ್ಥಿಸಿಕೊಳ್ಳುತ್ತಾನೆ. ಸಾರಿಪುತ್ತನ ಸಂನ್ಯಾಸವನ್ನೇ ವಸ್ತುವಾಗಿಟ್ಟುಕೊಂಡು ಅವನು ಬರೆದ ಶಾರಿಪುತ್ರಪ್ರಕರಣದ ತುಣುಕುಗಳು ಮಧ್ಯ ಏಷ್ಯಾದ ತುರ್ಫಾನ್‌ನಲ್ಲಿ ಸಿಕ್ಕಿ, ಜರ್ಮನ್ ವಿದ್ವಾಂಸ ಲ್ಯೂಡರ್ಸ್ 1911ರಲ್ಲಿ ಪ್ರಕಟಿಸಿದರು. ಸಂಸ್ಕೃತ ನಾಟಕದ ಅತ್ಯಂತ ಹಳೆಯ ಅವಶೇಷಗಳ ಸಾಲಿಗೆ ಅವು ಸೇರುತ್ತವೆ. ಏಳನೆಯ ಶತಮಾನದ ಹರ್ಷನ ನಾಗಾನಂದದಲ್ಲಿ ನಾಂದಿಯೇ ಬುದ್ಧನಿಗೆ ಸಲ್ಲುತ್ತದೆ. ದೊರೆ ಅದನ್ನು ಸಂಗೀತ-ನೃತ್ಯಗಳೊಂದಿಗೆ ಆಡಿಸಿದನೆಂದು ಆ ಶತಮಾನದ ಕೊನೆಯಲ್ಲಿ ಭಾರತದಲ್ಲಿದ್ದ ಚೀನೀ ಯಾತ್ರಿಕ ಇತ್ಸಿಂಗ್ ಬರೆದಿಟ್ಟಿದ್ದಾನೆ.

ಮಹಾಯಾನದಲ್ಲಿ ಇಬ್ಬಗೆ ಇನ್ನೂ ಎದ್ದು ಕಾಣುತ್ತದೆ. ಸದ್ಧರ್ಮಪುಂಡರೀಕ ಸೂತ್ರದ ಎರಡನೆಯ ಅಧ್ಯಾಯ ಬುದ್ಧನಿಗೆ ವಾದ್ಯ ನುಡಿಸಿದವರೂ ಬೋಧಿಮಾರ್ಗ ಹಿಡಿದರೆನ್ನುತ್ತದೆ. ಅದೇ ಸೂತ್ರದ ಹದಿನಾಲ್ಕನೆಯ ಅಧ್ಯಾಯ ನಟರ, ಮಲ್ಲರ ಸಹವಾಸ ಬೇಡವೆನ್ನುತ್ತದೆ. ಚೀನಾದ ಕವಿ ಬೈ ಜುಯಿ (772–846) ತನ್ನ ‘ಹುಚ್ಚು ಮಾತು, ಬಣ್ಣದ ನುಡಿ’ಗಳ ಪಾಪವೇ ಬುದ್ಧಸ್ತುತಿಗೆ ಕಾರಣವಾಗಲೆಂದು ಹರಸಿಕೊಂಡು ಕಾವ್ಯಗಳನ್ನು ವಿಹಾರಗಳಿಗೆ ಒಪ್ಪಿಸಿದ. ಜಪಾನಿನ ಸಾಹಿತಿಗಳು ಶತಮಾನಗಳ ಕಾಲ ಈ ಹರಕೆಯನ್ನೇ ಗುರಾಣಿಯಾಗಿ ಹಿಡಿದರು. ಅವರಿಗೆ ಗುರಾಣಿ ಬೇಕಾಗಿತ್ತು: ಗೆಂಜಿಯ ಕಥೆ ಬರೆದ ತಪ್ಪಿಗೆ ಮುರಾಸಾಕಿ ಶಿಕಿಬು ನರಕದಲ್ಲಿದ್ದಾಳೆಂಬ ನಂಬಿಕೆ ಅಲ್ಲಿ ಹರಡಿತ್ತು, ಅವಳ ಸದ್ಗತಿಗಾಗಿ ಪೂಜೆ ನಡೆಸುವ ವಸ್ತುವಿನ ನೋ ನಾಟಕವೇ ಇದೆ. ಕಥೆಗಾರ್ತಿಯ ಪಾಪ ತೊಳೆಯಲು ಇನ್ನೊಂದು ಕಥೆ! ಬಿದಿರಿನ ಶಾಕುಹಾಚಿ ಕೊಳಲನ್ನೇ ಧ್ಯಾನವಾಗಿ ಊದುತ್ತ ಅಲೆದ ಫುಕೆ ಪಂಥದ ಭಿಕ್ಷುಗಳನ್ನೂ ಇಲ್ಲಿ ನೆನೆಯಬೇಕು. ಆ ಪಂಥವನ್ನು ಮೇಜಿ ಸರ್ಕಾರ 1871ರಲ್ಲಿ ರದ್ದುಮಾಡಿತು.

ವಜ್ರಯಾನ ಹೆಚ್ಚು ನಿಸ್ಸಂಕೋಚಿ. ಎಂಬತ್ನಾಲ್ಕು ಮಹಾಸಿದ್ಧರಲ್ಲಿ ವೀಣಾಪಾ ವೀಣೆಯ ಗೀಳನ್ನೇ ಸಾಧನೆಯಾಗಿ ತಿರುಗಿಸಿಕೊಂಡವನು. ಟಿಬೆಟಿನ ಛಾಮ್ ಮುಖವಾಡ ನೃತ್ಯವನ್ನು ಭಿಕ್ಷುಗಳೇ ಕುಣಿಯುತ್ತಾರೆ. ಅದು ಪೂಜೆಯ ಅಂಗ, ಆದರೂ ಅಂಗಳದಲ್ಲಿ ಕುಳಿತ ಮಕ್ಕಳಿಗೆ ಹಬ್ಬದ ಆಟವೇ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಪೆನೋರ್ ರಿನ್ಪೋಚೆ 1963ರಲ್ಲಿ ಕಟ್ಟಲು ತೊಡಗಿದ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಟಿಬೆಟನ್ ಹೊಸವರ್ಷವಾದ ಲೋಸರ್‌ನ ಹೊತ್ತಿಗೆ ಇದನ್ನು ನೋಡಲು ಸುತ್ತಲಿನ ಕನ್ನಡಿಗರೂ ಸೇರುತ್ತಾರೆ. 

ಪರದೆಯ ಕಾಲ

ಭೂತಾನ್ ದೂರದರ್ಶನ ಪ್ರಸಾರಕ್ಕೆ ಬಾಗಿಲು ತೆರೆದದ್ದು 1999ರ ಜೂನ್‌ನಲ್ಲಿ, ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ. ಅಂತರ್ಜಾಲವೂ ಅದೇ ಹೊತ್ತಿಗೆ ಬಂತು. ಅದೇ ವರ್ಷ ಭೂತಾನಿನ ಲಾಮಾ ಜೊಂಗ್‌ಸರ್ ಖ್ಯೆನ್‌ತ್ಸೆ ರಿನ್ಪೋಚೆ, ಖ್ಯೆನ್‌ತ್ಸೆ ನೋರ್ಬು ಎಂಬ ಹೆಸರಿನಲ್ಲಿ ನಿರ್ದೇಶಿಸಿದ ‘ದಿ ಕಪ್’ ತೆರೆಗೆ ಬಂತು. 1998ರ ಫುಟ್‌ಬಾಲ್ ವಿಶ್ವಕಪ್ ನೋಡಲು ವಿಹಾರದ ಹುಡುಗ ಭಿಕ್ಷುಗಳು ಟಿವಿ ಬಾಡಿಗೆಗೆ ತರಲು ಪರದಾಡುವುದೇ ಕಥೆ. ಹಿಮಾಚಲದ ಬೀರ್‌ನ ವಿಹಾರದಲ್ಲಿ ನಿಜವಾದ ಭಿಕ್ಷುಗಳೇ ನಟಿಸಿದರು. ಲಾಮಾ ಒಬ್ಬರು ಬ್ರಹ್ಮಜಾಲದ ಪಟ್ಟಿಯ ಉಲ್ಲಂಘನೆಯನ್ನೇ ಪ್ರೀತಿಯಿಂದ ಚಿತ್ರಿಸಿದ್ದು ತಾಲಪುಟ ಸುತ್ತದ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿ. ಆ ಹುಡುಗರ ಆಸೆ ಕೊನೆಗೆ ಔದಾರ್ಯಕ್ಕೆ ದಾರಿಯಾಗುತ್ತದೆ ಎಂಬಲ್ಲಿ ಚಿತ್ರ ಸಕ್ಕಪಞ್ಹದ ಅಳತೆಗೋಲನ್ನು ಸದ್ದಿಲ್ಲದೆ ಬಳಸಿಕೊಂಡಿದೆ.

ಥಾಯ್ಲೆಂಡಿನ ಹಾದಿ ಬಿಗಿಯಾದದ್ದು. ಅಪಿಚತ್‌ಪೋಂಗ್ ವೀರಸೇತಕುಲ್ ಅವರ 2006ರ ‘ಸಿಂಡ್ರೋಮ್ಸ್ ಅಂಡ್ ಎ ಸೆಂಚುರಿ’ ಚಿತ್ರದಿಂದ ಭಿಕ್ಷುವೊಬ್ಬ ಗಿಟಾರ್ ನುಡಿಸುವ ದೃಶ್ಯ ತೆಗೆಯಬೇಕೆಂದು ಸೆನ್ಸಾರ್ ಹೇಳಿತು. 2021ರ ಸೆಪ್ಟೆಂಬರ್‌ನಲ್ಲಿ ಫ್ರಾ ಮಹಾ ಪೈವಾನ್ ಮತ್ತು ಫ್ರಾ ಮಹಾ ಸೊಂಪೊಂಗ್ ಎಂಬ ಇಬ್ಬರು ಭಿಕ್ಷುಗಳ ಫೇಸ್‌ಬುಕ್ ನೇರಪ್ರಸಾರವನ್ನು ಏಕಕಾಲಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಧರ್ಮದ ಮಾತಿನ ಜತೆ ತಮಾಷೆ, ಬಿದ್ದುಬಿದ್ದು ನಗು. ಭಿಕ್ಷುಗಳು ಹೀಗೆ ನಗಬಹುದೇ ಎಂಬ ವಿವಾದ ಎದ್ದು ಸಂಸತ್ತಿನ ಸಮಿತಿಯವರೆಗೆ ಹೋಯಿತು. ಆ ವರ್ಷದ ಕೊನೆಗೆ ಇಬ್ಬರೂ ಚೀವರ ತ್ಯಜಿಸಿದರು. ಕೊರಿಯಾದಲ್ಲಿ ಇದಕ್ಕೆ ವಿರುದ್ಧದ ಗಾಳಿ: 2024ರಲ್ಲಿ ಹಾಸ್ಯನಟ ಯೂನ್ ಸಂಗ್-ಹೋ ತಲೆ ಬೋಳಿಸಿ, ಕಾಷಾಯದಂಥ ಉಡುಪಿನಲ್ಲಿ ‘ನ್ಯೂಜೀನ್ಸ್‌ನಿಮ್’ ಎಂಬ ಡಿಜೆಯಾಗಿ ಅಬ್ಬರದ ಸಂಗೀತಕ್ಕೆ ಅನಿತ್ಯದ ಬೋಧನೆ ಬೆರೆಸಿದಾಗ ಅಲ್ಲಿನ ಬೌದ್ಧ ಪಂಥವಾದ ಜೋಗ್ಯೆ ಸಂಘ ಮೆಚ್ಚಿಕೊಂಡಿತು. ಮಲೇಷ್ಯಾದ ಬೌದ್ಧರು ಆಕ್ಷೇಪಿಸಿದರು. ತೈವಾನ್‌ನಲ್ಲಿ ತ್ಸು ಚಿ ಸಂಸ್ಥೆ 1998ರಿಂದ ನಡೆಸುತ್ತಿರುವ ದಾ ಆಯ್ ಟಿವಿ ವಾಹಿನಿ ನಿಜ ವ್ಯಕ್ತಿಗಳ ಬದುಕನ್ನಾಧರಿಸಿದ ಧಾರಾವಾಹಿಗಳಿಗೆ ಹೆಸರಾಗಿದೆ.

ನೋಡುವವರ ಕಡೆಯಿಂದ ಯೋಚಿಸಿದವರಲ್ಲಿ ವಿಯೆಟ್ನಾಮಿನ ಥಿಚ್ ನ್ಹಾತ್ ಹಾನ್ (1926–2022) ಮುಖ್ಯರು. ಅವರು ಪಂಚಶೀಲವನ್ನು ಮರುರೂಪಿಸಿದಾಗ ಮದ್ಯದ ಕುರಿತ ಐದನೆಯದು ‘ಸೇವನೆ’ಯ ಶೀಲವಾಗಿ ಹಿಗ್ಗಿತು. ಕೆಲವು ಬಗೆಯ ಜಾಲತಾಣ, ಎಲೆಕ್ಟ್ರಾನಿಕ್ ಆಟ, ಟಿವಿ ಕಾರ್ಯಕ್ರಮ, ಸಿನಿಮಾ, ಪತ್ರಿಕೆ, ಪುಸ್ತಕ, ಮಾತುಕತೆ ಎಲ್ಲವೂ ಮದ್ಯದ ಸಾಲಿಗೆ ಬಂದವು. ಇದಕ್ಕೆ ಅವರ ಆಧಾರ ಸಂಯುತ್ತ ನಿಕಾಯದ ಪುತ್ತಮಂಸ ಸುತ್ತ. ಅದು ಆಹಾರವನ್ನು ನಾಲ್ಕಾಗಿ ವಿಂಗಡಿಸುತ್ತದೆ: ತುತ್ತು, ಇಂದ್ರಿಯಸ್ಪರ್ಶ, ಸಂಕಲ್ಪ, ವಿಜ್ಞಾನ (ಅಂದರೆ ಅರಿವು). ಸ್ಪರ್ಶಾಹಾರಕ್ಕೆ ಅಲ್ಲಿ ಕೊಟ್ಟಿರುವ ಉಪಮೆ ಚರ್ಮ ಸುಲಿದ ಹಸುವಿನದು. ಗೋಡೆಗೆ ಒರಗಿದರೆ ಗೋಡೆಯ ಹುಳ, ನೀರಿಗಿಳಿದರೆ ನೀರಿನ ಹುಳ ಅದನ್ನು ಮುತ್ತುತ್ತವೆ. ನೋಟಿಫಿಕೇಶನ್‌ಗಳ ನಡುವೆ ಬದುಕುವವರ ಸ್ಥಿತಿಗೆ ಇಷ್ಟು ಹತ್ತಿರದ ಚಿತ್ರ ಬೇರೆಲ್ಲೂ ಸಿಕ್ಕಲಾರದು. ವಾರಕ್ಕೊಂದು ದಿನ ಪರದೆಗೆ ರಜೆ, ಊಟದ ಹೊತ್ತು ಮೌನ, ನೋಡುವ ಮೊದಲು ಮೂರು ಉಸಿರು ಎಂಬಂಥ ರೂಢಿಗಳನ್ನು ಹಲವು ಸಾಧಕ ಸಮುದಾಯಗಳು ಬೆಳೆಸಿಕೊಂಡಿವೆ.

ಎಸ್. ಎನ್. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಸ್ಸನಾ ಶಿಬಿರಗಳಲ್ಲಿ ಫೋನು, ಓದು, ಬರಹ, ಸಂಗೀತ ಎಲ್ಲಕ್ಕೂ ತಡೆ. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲೂ ಇದೇ ಶಿಸ್ತು. ಹಳೆಯ ವಿದ್ಯಾರ್ಥಿಗಳು ಎಂಟು ಶೀಲ ತೆಗೆದುಕೊಳ್ಳುತ್ತಾರೆ, ಹೊಸಬರಿಗೆ ಐದು. ಆದರೆ ಮನರಂಜನೆಯ ಮಟ್ಟಿಗೆ ಇಬ್ಬರಿಗೂ ಅನುಭವ ಒಂದೇ. ಬಾಹ್ಯ ಸದ್ದು ನಿಂತರೂ ತಲೆಯೊಳಗೆ ಹಳೆಯ ಸಿನಿಮಾ ಹಾಡುಗಳು ತಾವಾಗಿಯೇ ತಿರುಗತೊಡಗುತ್ತವೆ ಎಂದು ಶಿಬಿರ ಮುಗಿಸಿ ಬಂದವರು ನಗುತ್ತ ಹೇಳುವುದುಂಟು. ವರ್ಷಗಟ್ಟಲೆ ಒಳಗೆ ಬಿಟ್ಟುಕೊಂಡದ್ದರ ಲೆಕ್ಕಪತ್ರ ಹಾಗೆ ಹೊರಬೀಳುತ್ತದೆ.

ಸುದ್ದಿ

ಸುದ್ದಿಯ ವಿಚಾರದಲ್ಲಿ ಪರಂಪರೆಯೊಳಗೆ ಇಂದಿಗೂ ಬಗೆಹರಿಯದ ಜಗಳವಿದೆ. ಭಿಕ್ಷುಗಳಿಗೆ ತಕ್ಕದ್ದಲ್ಲದ ‘ತಿರಚ್ಛಾನಕಥೆ’ಗಳ ಪಟ್ಟಿ ರಾಜರು, ಕಳ್ಳರು, ಮಂತ್ರಿಗಳು, ಸೈನ್ಯ, ಭಯ, ಯುದ್ಧ ಎಂದು ಶುರುವಾಗಿ ಅನ್ನ, ಪಾನ, ಬಟ್ಟೆ, ವಾಹನ, ಊರು, ಶೂರರು, ಸತ್ತವರು ಎಂದು ಮುಂದುವರಿಯುತ್ತದೆ. ದಿನಪತ್ರಿಕೆಯ ಮುಖಪುಟದಿಂದ ಶ್ರದ್ಧಾಂಜಲಿ ಪುಟದವರೆಗಿನ ಅನುಕ್ರಮ ಇದು. ಇದರ ಬದಲು ಅಲ್ಪೇಚ್ಛೆ, ಸಂತುಷ್ಟಿ, ಏಕಾಂತ, ಶೀಲ, ಸಮಾಧಿ, ಪ್ರಜ್ಞೆ ಮೊದಲಾದ ಹತ್ತು ವಿಷಯಗಳನ್ನು ಮಾತಾಡಿ ಎಂದು ಅಂಗುತ್ತರ ನಿಕಾಯ ಸೂಚಿಸುತ್ತದೆ. ಧ್ಯಾನವನ್ನೇ ಮುಖ್ಯವಾಗಿಸಿಕೊಂಡವರು ಇದನ್ನು ಹಿಡಿದು ಸುದ್ದಿವಾಹಿನಿ ಬಿಡಿ ಎನ್ನುತ್ತಾರೆ. ಚೀರಾಟದ ಚರ್ಚೆಗಳನ್ನು ನೋಡಿದವರಿಗೆ ಆ ಸಲಹೆ ಅತಿಯೆನಿಸಲಾರದು.

ಆದರೆ ಭಾರತದ ಬೌದ್ಧರಲ್ಲಿ ಬಹುಸಂಖ್ಯಾತರಾದ, ಅಂಬೇಡ್ಕರ್ ಹಾದಿಯ ನವಯಾನಿಗಳು ಇದನ್ನು ಹಾಗೆಯೇ ಒಪ್ಪಲು ಸಾಧ್ಯವಿಲ್ಲ. ದಬ್ಬಾಳಿಕೆಗೆ ಒಳಗಾದವರಿಗೆ ಸುದ್ದಿ ಹೊತ್ತು ಕಳೆಯುವ ಸಾಧನವಲ್ಲ. ಬಿ. ಆರ್. ಅಂಬೇಡ್ಕರ್ ಸ್ವತಃ ಪತ್ರಕರ್ತರು: 1920ರಲ್ಲಿ ‘ಮೂಕನಾಯಕ’, 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’. ಅವರು ಬೌದ್ಧ ಧರ್ಮ ಸ್ವೀಕರಿಸಿದ 1956ರಲ್ಲೇ ‘ಜನತಾ’ ಪತ್ರಿಕೆ ‘ಪ್ರಬುದ್ಧ ಭಾರತ’ವಾಯಿತು. ಆ ವರ್ಷದ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಕುಡಿತದ ನಿಷೇಧವಿದೆ, ಹಾಡು-ನಾಟಕಗಳ ನಿಷೇಧವಿಲ್ಲ. ಧಮ್ಮ ಹಳ್ಳಿಹಳ್ಳಿಗೆ ತಲುಪಿದ್ದರಲ್ಲಿ ಹಾಡಿನ ಪಾಲು ದೊಡ್ಡದು. ಮರಾಠಿಯ ವಾಮನದಾದಾ ಕರ್ಡಕ್ (1922–2004) ಅವರಂಥ ಗಾಯಕರು ಬುದ್ಧನನ್ನೂ ಭೀಮರಾಯರನ್ನೂ ಊರೂರು ತಿರುಗಿ ಹಾಡಿದರು. ಬೀದರ್, ಕಲಬುರಗಿ ಕಡೆ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಧ್ವನಿವರ್ಧಕ ಕಟ್ಟಿ ಕನ್ನಡ, ಮರಾಠಿ ಭೀಮಗೀತೆಗಳನ್ನು ಹಾಕಿ ಕುಣಿಯುವ ತರುಣರಿಗೆ ಗಿರಗ್ಗಸಮಜ್ಜದ ನಿಯಮ ಹೇಳಿದರೆ ಅವರು ನಕ್ಕಾರು. ವಿಹಾರದೊಳಗೆ ಬಂದು ತ್ರಿಶರಣ ಹೇಳುವಾಗ ಅದೇ ಹುಡುಗರು ಧ್ವನಿವರ್ಧಕ ಆರಿಸುತ್ತಾರೆ. ಡಿಜೆ ಬೇಕೇ ಬೇಡವೇ ಎಂಬ ಚರ್ಚೆ ಈಗ ಅವರ ನಡುವೆಯೇ, ಹಿರಿಯರು ಮತ್ತು ಕಿರಿಯರ ಸಭೆಗಳಲ್ಲಿ, ಪ್ರತಿ ವರ್ಷ ಮಾರ್ಚ್ ಬಂತೆಂದರೆ ಶುರುವಾಗುತ್ತದೆ.